ಕಿಟಕಿಗೆ ಹೋಗುತ್ತಿದ್ದ ಪಾಠಗಳು

ಕಳೆದ ತಿಂಗಳು ಕಳಲೆಯಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಪಕ್ಕದ ಮನೆಯ ಕಡೆಯಿಂದ ಒಂದು ವಾಸನೆ ಬಂತು. ಹಿಪ್ಪುನೇರಳೆ ಸೊಪ್ಪು ಒದ್ದೆ ಗೋಣಿಯ ಕೆಳಗೆ ಬೆಚ್ಚಗಾದಾಗ ಬಿಡುವ ಹಸಿ ವಾಸನೆ, ಅದರ ಜೊತೆಗೆ ಬ್ಲೀಚಿಂಗ್ ಪೌಡರಿನ ಘಾಟು. ರೇಷ್ಮೆ ಹುಳ ಸಾಕುವ ಮನೆಯ ವಾಸನೆ ಅದು. ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಒದ್ದೆ ಕೈಯಲ್ಲೇ ಅಲ್ಲಿ ನಿಂತುಬಿಟ್ಟೆ. ‘ಯಾಕಕ್ಕ, ತಲೆ ಸುತ್ತು ಬಂತಾ?’ ಎಂದು ನಾದಿನಿ ಓಡಿ ಬಂದಳು. ಇಲ್ಲ, ಒಬ್ಬಳು ಹುಡುಗಿಯ ನೆನಪು ಬಂತು ಎಂದೆ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಆ ವರ್ಷ ನನ್ನನ್ನು ನಂಜನಗೂಡಿನಿಂದ ತಿ. ನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ವರ್ಗ ಮಾಡಿದರು. ಹೆಮ್ಮಿಗೆಯ ದಾರಿಯಲ್ಲಿ ಸಿಗುವ ಊರು. ಹೆಸರು ಬೇಡ, ಇದರಲ್ಲಿ ಬರುವವರೆಲ್ಲ ಇನ್ನೂ ಅಲ್ಲೇ ಇದ್ದಾರೆ. ಬೆಳಿಗ್ಗೆ ನಂಜನಗೂಡಿನಲ್ಲಿ ಒಂದು ಬಸ್ಸು ಹತ್ತಿ, ನರಸೀಪುರದಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಎರಡನೆಯದು ತನಗೆ ಮನಸ್ಸು ಬಂದಾಗ ಬರುವಂಥದ್ದು. ಜೂನ್ ತಿಂಗಳೆಲ್ಲ ನಾನು ಮುಖ ಗಂಟು ಹಾಕಿಕೊಂಡೇ ಓಡಾಡಿದೆ. ಮಳೆಯೂ ಹಾಗೇ ಇತ್ತು. ಕೊಡೆ ತೆಗೆದರೆ ನಿಲ್ಲುತ್ತಿತ್ತು, ಮಡಚಿದರೆ ಬರುತ್ತಿತ್ತು.

ನಾನು ವಿಜ್ಞಾನದ ಟೀಚರು. ಹತ್ತನೇ ತರಗತಿಗೆ ಮೊದಲ ದಿನ ಹೋದಾಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮಿಸ್, ನಮಗೆ ಓದ ವರ್ಷ ಪಾಠವ ಬರೀ ಓದುಸ್ಬುಟ್ರು. ನೀವು ಮಾಡಿ ತೋರುಸ್ತೀರಾ?’ ಎಂದು ಕೇಳಿದಳು. ಧಿಮಾಕಲ್ಲ, ನಿಜವಾದ ಪ್ರಶ್ನೆ. ಅವಳೇ ಸವಿತಾ. ಅಪ್ಪ ಮಾದೇವ, ಅವ್ವ ಪುಟ್ಟತಾಯಮ್ಮ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಅವಳು ಬಂದರೆ ಬಟ್ಟೆಯಿಂದ ಸೊಪ್ಪಿನ ವಾಸನೆ ಬರುತ್ತಿತ್ತು, ಬೆರಳ ತುದಿಗಳು ಯಾವಾಗಲೂ ಹಸಿರು.

ಜುಲೈನಲ್ಲಿ ಅವಳು ಬೆನ್ನು ನೋವು ಎನ್ನತೊಡಗಿದಳು. ಬರಬರುತ್ತಾ ಒಂದು ಕೈಯನ್ನು ಬೆಂಚಿಗೆ ಊರಿ ಓರೆಯಾಗಿ ಕೂರುತ್ತಿದ್ದಳು. ಊರಿನಲ್ಲಿ ಎಣ್ಣೆ ಹಚ್ಚಿ ನೀವಿಸಿದರು. ನರಸೀಪುರದಲ್ಲಿ ಮಾತ್ರೆ ಕೊಟ್ಟರು. ಕೊನೆಗೆ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಗಸ್ಟ್ ಹದಿನೈದರ ಧ್ವಜ ಹಾರಿಸಿ ಮಕ್ಕಳಿಗೆ ಸಿಹಿ ಹಂಚುತ್ತಿದ್ದ ಹೊತ್ತಿಗೆ ಮಾದೇವ ಗೇಟಿನ ಹತ್ತಿರ ಬಂದು ನಿಂತ. ಮಕ್ಕಳೆಲ್ಲ ಹೋಗುವ ತನಕ ಕಾದಿದ್ದು ಹೆಡ್‌ಮಾಸ್ಟರ ಕೋಣೆಗೆ ಬಂದ.

‘ಟೀಸಿ ಕೊಟ್ಬುಡಿ ಸಾ,’ ಎಂದ. ‘ಬೆನ್ನುಮೂಳೆಗೆ ಟೀಬಿ ಅಂತೆ. ಎಣ್ಣುಮಗ ಮೇಲಕ್ಕೇಳಂಗಿಲ್ಲ, ಕುಂತ್ಕಳಂಗಿಲ್ಲ. ತಿಂಗಳಾನುಗಟ್ಲೆ ಅಂಗಾತ ಮಲಗಿಸ್ಬೇಕಂತೆ. ಇನ್ನೆಲ್ಲಿ ಇಸ್ಕೂಲು.’

ನಮ್ಮ ಹೆಡ್‌ಮಾಸ್ಟರು ಗುರುಮಲ್ಲಪ್ಪನವರು. ಒಳ್ಳೆಯವರು, ಆದರೆ ಮೇಲಿನಿಂದ ಒಂದು ಕಾಗದ ಬಂದರೆ ಮೈ ನಡುಗುವ ಜಾತಿ. ಅವರು ಟೀಸಿ ಪುಸ್ತಕ ಹುಡುಕುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕಿದೆ. ‘ಸಾರ್, ಟೀಸಿ ಕೊಡೋದು ಯಾವಾಗ ಬೇಕಾದರೂ ಕೊಡಬಹುದು. ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಹಾಜರಾತಿಗೆ ಏನಾದರೂ ದಾರಿ ಇರುತ್ತದಲ್ಲ?’ ಅವರು ಪುಸ್ತಕ ಮುಚ್ಚಿದರು. ‘ದಾರಿಯೇನೋ ಇದೆ ಮೇಡಂ. ಆದರೆ ಪರೀಕ್ಷೆಗೆ ಏನು ಬರೀತಾಳೆ ಆ ಹುಡುಗಿ?’ ಎಂದರು.

ಅದೇ ವಾರ ಅವಳ ಮನೆಗೆ ಹೋದೆ. ಬಾಗಿಲಲ್ಲೇ ಪುಟ್ಟತಾಯಮ್ಮ ಒಂದು ಬೋಗುಣಿ ಬ್ಲೀಚಿಂಗ್ ನೀರು ತೋರಿಸಿ, ‘ಇದ್ರೊಳಗೆ ಕಾಲಿಟ್ಟು ಬನ್ನಿ ಮಿಸ್ಸಮ್ಮ. ಉಳ ಜ್ವರಕ್ಕೆ ಕುಂತವೆ,’ ಎಂದರು. ಹುಳಗಳು ಪೊರೆ ಬಿಡುವ ಮುಂಚೆ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನಾಗುತ್ತವೆ. ಅದನ್ನೇ ಜ್ವರ ಎನ್ನುತ್ತಾರೆ. ನಡುಮನೆಯ ತುಂಬ ಹುಳದ ತಟ್ಟೆಗಳು. ಬೀದಿ ಕಡೆಯ ಸಣ್ಣ ಕೋಣೆಯಲ್ಲಿ ಹಲಗೆಯ ಮೇಲೆ ಸವಿತಾ ಮಲಗಿದ್ದಳು. ತಲೆಯ ಪಕ್ಕಕ್ಕೇ ಸರಳು ಹಾಕಿದ ಕಿಟಕಿ. ಎದೆಯ ಮೇಲೆ ಸಮಾಜ ವಿಜ್ಞಾನದ ಪುಸ್ತಕ ಬೋರಲು ಬಿದ್ದಿತ್ತು.

‘ಎತ್ತಿ ಹಿಡ್ಕಂಡ್ರೆ ತೋಳು ಸೋತೋಯ್ತದೆ ಮಿಸ್,’ ಎಂದಳು. ‘ಎರಡು ಪುಟ ಓದಿದ್ರೆ ಮೂಗಿನ ಮೇಲೆ ಬೀಳ್ತದೆ.’

‘ಯಾರಾದರೂ ಬಂದು ಓದಿ ಹೇಳೋದಿಲ್ವಾ? ನಿನ್ನ ಕ್ಲಾಸಿನ ಜ್ಯೋತಿ ಮನೆ ಇದೇ ಬೀದಿಯಲ್ಲವಾ?’

ಪುಟ್ಟತಾಯಮ್ಮನೇ ಹೇಳಿದರು: ‘ಯಾರೂ ಬರಕ್ಕಿಲ್ಲ ಮಿಸ್ಸಮ್ಮ. ಟೀಬಿ ಅಂದ್ಮೇಲೆ ಯಾರು ಮಕ್ಕಳ ಕಳುಸ್ತಾರೆ? ಇದು ಅಂಟೋ ಅಂತದ್ದಲ್ಲ, ಮೂಳೆ ಒಳಗಿರೋದು ಅಂತ ಡಾಕ್ಟ್ರು ಏಳವ್ರೆ. ಮನೆಮನೆಗೋಗಿ ನಾನು ಅದ ಏಳ್ಲಾ?’

ಹೊರಡುವಾಗ ಸವಿತಾ ಕೇಳಿದಳು: ‘ಇವತ್ತು ಏನು ಪಾಠ ಆಯ್ತು ಮಿಸ್?’

ಎರಡು ಬಸ್ಸುಗಳಲ್ಲಿ ಮನೆಗೆ ಬರುವಷ್ಟು ಹೊತ್ತೂ ಅದೇ ಪ್ರಶ್ನೆ ತಲೆಯಲ್ಲಿತ್ತು. ನರಸೀಪುರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗರು ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿದ್ದರು. ಆಗ ಹೊಸದಾಗಿ ಎಲ್ಲರ ಕೈಗೂ ಬಂದಿದ್ದ ಚೈನಾ ಸೆಟ್ಟುಗಳು. ನೋಡಲು ಅಂಗೈಯಷ್ಟು, ಸದ್ದು ಮದುವೆ ಮನೆಯಷ್ಟು. ಸಾಮಾನ್ಯವಾಗಿ ಗದರುತ್ತಿದ್ದವಳು ಅವತ್ತು ಅವರನ್ನೇ ಕೇಳಿದೆ: ‘ಇದರಲ್ಲಿ ಮಾತಾಡಿದ್ದು ರೆಕಾರ್ಡ್ ಆಗುತ್ತೇನಪ್ಪ?’

‘ಯಾವ್ದುರಲ್ಲಾದ್ರೂ ಆಯ್ತದೆ ಮೇಡಂ. ನಿಮ್ದು ಕೊಡಿ,’ ಎಂದು ಒಬ್ಬ ನನ್ನ ಫೋನು ತೆಗೆದುಕೊಂಡು ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟ. ಒಳಗೆ ಉಗುರಿನಷ್ಟಗಲದ ಮೆಮೊರಿ ಕಾರ್ಡು ಇತ್ತು. ಅದನ್ನು ತೆಗೆದು ಬೇರೆ ಫೋನಿಗೆ ಹಾಕಿದರೆ ಅಲ್ಲಿಯೂ ಕೇಳುತ್ತದೆ ಎಂದು ನನಗೆ ತಿಳಿದದ್ದು ಆವತ್ತೇ. ರೇಷ್ಮೆಗೂಡಿನ ಮಾರ್ಕೆಟ್ಟಿನ ರೇಟು ಕೇಳಲು ಮಾದೇವ ಅಂಥದೇ ಒಂದು ಚೈನಾ ಸೆಟ್ ಇಟ್ಟುಕೊಂಡಿದ್ದ. ಹಗಲು ಅದು ಮಗಳ ದಿಂಬಿನ ಪಕ್ಕ ಇರಲಿ ಎಂದಾಗ, ‘ಇರ್ಲಿ ಬುಡಿ, ನಂಗೆ ಸಂಜೆ ಸಿಕ್ರೆ ಸಾಕು,’ ಎಂದ.

ಗುರುಮಲ್ಲಪ್ಪನವರು ಒಪ್ಪುವುದು ಕಷ್ಟವಾಯಿತು. ಶಾಲೆಯೊಳಗೆ ಮೊಬೈಲು ಕೂಡದೆಂದು ಅವರೇ ನೋಟಿಸ್ ಬೋರ್ಡಿನಲ್ಲಿ ಬರೆಸಿದ್ದರು. ಕಡೆಗೆ, ‘ನಿಮ್ಮ ಫೋನು, ನಿಮ್ಮ ಪಿರಿಯಡ್ಡು, ನಿಮ್ಮ ಕೈಯಲ್ಲೇ ಇರಬೇಕು. ಮಕ್ಕಳ ಕೈಗೆ ಹೋಗಬಾರದು. ನನಗೆ ಗೊತ್ತಿಲ್ಲ,’ ಎಂದರು. ಕೊನೆಯ ಮಾತೇ ಅನುಮತಿ ಎಂದು ನಾನು ತಿಳಿದುಕೊಂಡೆ.

ಮೊದಲ ಪಾಠವನ್ನು ಮೇಜಿನ ಮೇಲೆ ಫೋನಿಟ್ಟು ನಾನೇ ರೆಕಾರ್ಡ್ ಮಾಡಿದೆ. ಪಿರಿಯಡ್ಡು ಪೂರ್ತಿ ನನ್ನ ದನಿ. ಕಾರ್ಡನ್ನು ಜ್ಯೋತಿಯ ಜಾಮೆಟ್ರಿ ಬಾಕ್ಸಿನಲ್ಲಿಟ್ಟು ಕಳಿಸಿದೆ. ಅವಳು ಮನೆಯೊಳಗೆ ಹೋಗುವಂತಿರಲಿಲ್ಲ. ಅವಳಪ್ಪ ನಂಜಪ್ಪ ಕಟ್ಟುನಿಟ್ಟು ಮಾಡಿದ್ದ. ಬೀದಿಯಲ್ಲಿ ನಿಂತು ಕಿಟಕಿಯ ಸರಳಿನ ಸಂದಿಯಿಂದ ಕೊಟ್ಟು ಬಂದಳು. ಮರುದಿನ ಕಾರ್ಡು ವಾಪಸ್ಸು ಬಂತು, ಅದರಲ್ಲಿ ಸವಿತಾಳ ಉತ್ತರ. ತರಗತಿಯಲ್ಲೇ ಹಾಕಿದೆ.

‘ಮಿಸ್, ಚೆನ್ನಾಗಿತ್ತು. ಆದ್ರೆ ಒಸಿ ಒತ್ತಾದ ಮೇಲೆ ನಿದ್ದೆ ಬಂದ್ಬುಡ್ತು. ಬೈಬ್ಯಾಡಿ.’

ಇಡೀ ತರಗತಿ ಬೆಂಚು ಬಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಹಿಂದಿನ ಬೆಂಚಿನ ಕುಮಾರ, ನಾಯಿ ಬೊಗಳುವುದರಿಂದ ಹಿಡಿದು ಬಸ್ಸಿನ ಗೇರು ಬದಲಿಸುವ ತನಕ ಎಲ್ಲ ಸದ್ದನ್ನೂ ಬಾಯಲ್ಲಿ ಮಾಡುವವನು, ‘ಮಿಸ್, ನಾವು ಮಾಡ್ತೀವಿ ಕೊಡಿ. ನಿದ್ದೆ ಎಂಗೆ ಬತ್ತದೆ ನೋಡುವ,’ ಎಂದ.

ಅಲ್ಲಿಂದ ಶುರುವಾಯಿತು. ಪಾಠ ಮುಗಿದ ಮೇಲೆ ಕೊನೆಯ ಹತ್ತು ನಿಮಿಷ ಅವರದು. ಎಲೆ ಆಹಾರ ತಯಾರಿಸುವ ಪಾಠಕ್ಕೆ ಒಬ್ಬಳು ಎಲೆಯಾದಳು, ಒಬ್ಬ ಸೂರ್ಯನಾದ. ಮೋಡ ಬಂದು ಅಡ್ಡ ನಿಂತಾಗ ಎಲೆ, ‘ಲೋ, ಒಲೆ ಮೇಲೆ ಅಡುಗೆ ಅದೆ ಕಣ್ಲಾ, ಪಕ್ಕಕ್ಕೋಗು!’ ಎಂದು ಕಿರುಚಿತು. ರಕ್ತ ಸಂಚಾರಕ್ಕೆ ಕುಮಾರ ಕಂಡಕ್ಟರಾದ. ‘ಬಲಗಡೆ ಕೋಣೆ, ಇಳೀರಿ ಇಳೀರಿ, ಶ್ವಾಸಕೋಶಕ್ಕೆ ಓಗೋರು ಮುಂದಿನ ಬಾಗಿಲು’ ಎಂದು ಕೂಗಿ, ಮಧ್ಯೆ ಮಧ್ಯೆ ಸೀಟಿ ಊದಿದ. ಆ ಪಾಠವನ್ನು ಆ ತರಗತಿಯ ಯಾರೂ ಪರೀಕ್ಷೆಯಲ್ಲಿ ತಪ್ಪು ಬರೆಯಲಿಲ್ಲ.

ಕಷ್ಟವಾದದ್ದು ರೇಖಾಗಣಿತ. ಗಣಿತದ ಮೇಷ್ಟ್ರೂ ನನ್ನ ಫೋನು ಕೇಳಿ ಪಡೆದಿದ್ದರು. ಒಬ್ಬ ಹುಡುಗ ಬೋರ್ಡಿನ ಮುಂದೆ ನಿಂತು, ‘ಈ ಗೆರೆ, ಈ ಗೆರೆ ಸಮ. ಅದಕ್ಕೆ ಇದು, ಇದು ಸಮ,’ ಎಂದು ಹೇಳಿ ಮುಗಿಸಿದ. ಮರುದಿನ ಕಿಟಕಿಯಿಂದ ಉತ್ತರ ಬಂತು: ‘ಈ ಗೆರೆ ಅಂದ್ರೆ ಯಾವ್ ಗೆರೆಲಾ? ನಂಗೆ ಕಾಣ್ತದಾ ನಿನ್ ಬೋರ್ಡು?’ ಅವನಿಗೆ ನಾಚಿಕೆಯಾಯಿತು. ಎರಡನೇ ಸಲ ಹೇಳಿದ. ಮತ್ತೆ ಪ್ರಶ್ನೆ ಬಂತು. ಮೂರನೇ ಸಲ ಅವನು ಕಣ್ಣು ಮುಚ್ಚಿಕೊಂಡು, ಕಾಣದವರಿಗೆ ದಾರಿ ಹೇಳುವ ಹಾಗೆ, ಎಲ್ಲಿಂದ ಹೊರಟು ಎಲ್ಲಿ ತಿರುಗಿ ಎಲ್ಲಿ ಸೇರುತ್ತದೆಂದು ಒಂದೊಂದೇ ಬಿಂದುವಿನ ಹೆಸರು ಹಿಡಿದು ಹೇಳಿದ. ಗಣಿತದ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು, ‘ಮೇಡಂ, ಆ ಹುಡುಗ ಪ್ರಮೇಯ ಕಲಿತುಬಿಟ್ಟ. ಮೂರು ವರ್ಷದಿಂದ ನನ್ನ ಕೈಲಿ ಆಗದ್ದು,’ ಎಂದು ಕುರ್ಚಿಯಲ್ಲಿ ಕೂತರು.

ಸವಿತಾ ಬರೀ ಕೇಳುವವಳಾಗಿ ಉಳಿಯಲಿಲ್ಲ. ಒಂದು ದಿನ ಅವಳ ಕಾರ್ಡಿನಲ್ಲಿ ಮಾತೇ ಇರಲಿಲ್ಲ, ಸುಮ್ಮನೆ ಜೋರು ಮಳೆ ಸುರಿಯುವ ಸದ್ದು. ಕೊನೆಗೆ ಅವಳ ದನಿ: ‘ಇದು ಏನು ಸದ್ದು ಏಳಿ?’ ಮಳೆ ಎಂದು ಎಲ್ಲರೂ ಕೂಗಿದರು. ಆದರೆ ಅಕ್ಟೋಬರಿನ ಆ ವಾರ ಒಂದು ಹನಿಯೂ ಬಿದ್ದಿರಲಿಲ್ಲ. ಜ್ಯೋತಿ ಮಾತ್ರ ಕೈಯೆತ್ತಿ, ‘ಉಳ ಸೊಪ್ಪು ಮೇಯ್ತಾ ಅವೆ ಮಿಸ್,’ ಎಂದಳು. ಕೊನೆಯ ಜ್ವರ ಕಳೆದ ಹುಳಗಳು ಒಟ್ಟಿಗೆ ಮೇಯುವ ಸದ್ದು ಅದು. ಅವ್ವನಿಗೆ ಹೇಳಿ ಫೋನನ್ನು ತಟ್ಟೆಗಳ ಮಧ್ಯೆ ಇಡಿಸಿದ್ದಳು. ಅದರ ಮುಂದೆ ಮೊಟ್ಟೆಯಿಂದ ಗೂಡಿನ ತನಕ ಹುಳದ ಜೀವನವನ್ನು ತಾನೇ ಪಾಠ ಮಾಡಿದ್ದಳು. ನಾನು ಆ ವರ್ಷ ಕೀಟಗಳ ಬಗ್ಗೆ ಬೇರೆ ಹೇಳಬೇಕಾಗಲಿಲ್ಲ.

ಎಲ್ಲ ಸರಿಯಾಗಿ ಹೋಗುತ್ತಿದೆ ಎನ್ನುವಾಗ ನವೆಂಬರಿನಲ್ಲಿ ಮಾದೇವನ ಫೋನು ಕೆಟ್ಟಿತು. ಅವನು ಅದನ್ನು ನರಸೀಪುರದ ಒಂದು ಮೊಬೈಲ್ ಅಂಗಡಿಗೆ ಕೊಟ್ಟ. ಕಾರ್ಡು ಒಳಗೇ ಇತ್ತು. ಅಂಗಡಿಯವನು ರಿಪೇರಿ ಮುಗಿಸಿ, ಸ್ಪೀಕರು ಹೇಗಿದೆ ನೋಡೋಣವೆಂದು ಅದರಲ್ಲಿದ್ದುದನ್ನು ಜೋರಾಗಿ ಹಾಕಿದ್ದಾನೆ. ಅದೇ ಹೊತ್ತಿಗೆ ತನ್ನ ಲಗೇಜ್ ಆಟೋ ನಿಲ್ಲಿಸಿ ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನು ಜ್ಯೋತಿಯ ಅಪ್ಪ ನಂಜಪ್ಪ. ತುಂಬಿದ ಬಜಾರಿನಲ್ಲಿ ಅವನಿಗೆ ಕೇಳಿಸಿದ್ದು ತನ್ನ ಮಗಳ ದನಿ:

‘ನಂಗೆ ಇರೋದು ಒಂದೇ ಕೈ. ಎಷ್ಟು ದಿನ ಒಂಟಿಯಾಗಿರ್ಲಿ? ನನ್ನ ಕೈ ಇಡಿಯೋರು ಯಾರೂ ಇಲ್ವಾ?’

ಅಂಗಡಿಯ ಮುಂದೆ ನಿಂತಿದ್ದ ಹುಡುಗರು ಹೋ ಎಂದು ನಕ್ಕಿದ್ದಾರೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ನಂಜಪ್ಪ ಶಾಲೆಯ ಅಂಗಳದಲ್ಲಿದ್ದ. ಅವನ ಹಿಂದೆ ಊರಿನ ಏಳೆಂಟು ಜನ. ‘ಎಲ್ಲಿ ಆ ಮೇಡಂ? ಎಣ್ಣುಮಕ್ಳ ಕೈಲಿ ಇಂತಾ ಮಾತ ಆಡ್ಸಿ ಮೊಬೈಲ್‌ಗೆ ತುಂಬ್ಕಂಡು ಬಜಾರಿಗೆ ಬುಟ್ಟವ್ರೆ! ನನ್ ಮಗಳ ಇನ್ನು ಇಸ್ಕೂಲಿಗೆ ಕಳ್ಸಕ್ಕಿಲ್ಲ. ಬಿಇಓ ಆಪೀಸಿಗೇ ಓಯ್ತೀನಿ!’ ಎಂದು ಕೂಗಿದ. ಜ್ಯೋತಿ ಬಂದಿರಲಿಲ್ಲ. ಮಕ್ಕಳು ಬಿಳುಚಿಕೊಂಡು ಸಾಲಿನಲ್ಲೇ ನಿಂತಿದ್ದರು. ಗುರುಮಲ್ಲಪ್ಪನವರು ನನ್ನ ಕಡೆ ಕೈ ಚಾಚಿ, ‘ಫೋನು ಕೊಡಿ ಮೇಡಂ,’ ಎಂದರು. ಕೊಟ್ಟೆ. ಅದು ಅವರ ಬೀರುವಿಗೆ ಹೋಯಿತು.

ಆಮೇಲಿನ ಎರಡು ದಿನ ನನಗೆ ಊಟ ಸೇರಲಿಲ್ಲ. ಸಸ್ಪೆಂಡ್ ಆಗಬಹುದು ಎಂದು ಸ್ಟಾಫ್ ರೂಮಿನಲ್ಲಿ ಪಿಸುಮಾತು. ಮನೆಯಲ್ಲಿ ನಮ್ಮ ಯಜಮಾನರು, ‘ನಿನಗ್ಯಾಕೆ ಬೇಕಿತ್ತು?’ ಎಂದು ಒಂದು ಸಲ ಕೇಳಿ, ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ನನ್ನ ಕೆಲಸದ ಭಯ ಒಂದು ಕಡೆ. ಅದಕ್ಕಿಂತ, ಜ್ಯೋತಿಯ ಓದು ನನ್ನಿಂದ ನಿಂತುಹೋಗುತ್ತದಲ್ಲ ಎನ್ನುವ ಕೊರಗೇ ಹೆಚ್ಚಾಗಿತ್ತು. ಕಿಟಕಿಯ ಹತ್ತಿರ ಕಾಯುತ್ತಿದ್ದವಳಿಗೆ ಏನಾಯಿತೆಂದೂ ಗೊತ್ತಿರಲಿಲ್ಲ.

ಮೂರನೆಯ ದಿನ ಗುರುಮಲ್ಲಪ್ಪನವರು ನಂಜಪ್ಪನನ್ನೂ ಶಾಲೆಯ ಎಸ್‌ಡಿಎಂಸಿ ಸಮಿತಿಯವರನ್ನೂ ಕರೆಸಿದರು. ಅವರು ಹೀಗೆ ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ. ಬೀರುವಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟು, ‘ನಂಜಪ್ಪನವರೇ, ನೀವು ಕೇಳಿದ್ದು ಅರ್ಧ. ಮಾದೇವನ ಹತ್ತಿರ ಕಾರ್ಡು ತರಿಸಿದ್ದೀನಿ. ನಾನು ನಿನ್ನೆ ಪೂರ್ತಿ ಕೇಳಿದೆ. ನೀವೂ ಪೂರ್ತಿ ಕೇಳಿ, ಆಮೇಲೆ ಎಲ್ಲಿಗೆ ಬೇಕಾದರೂ ದೂರು ಕೊಡಿ. ನಾನೇ ಸಹಿ ಹಾಕಿ ಕಳಿಸ್ತೀನಿ,’ ಎಂದರು.

ಫೋನು ಮಾತಾಡತೊಡಗಿತು. ಮೊದಲು ಕುಮಾರನ ದನಿ: ‘ಇದು ನೀರು ಹುಟ್ಟಿದ ಕಥೆ. ಹೈಡ್ರೋಜನ್‌ಗೆ ಒಂದು ಕೈ. ಆಕ್ಸಿಜನ್‌ಗೆ ಎರಡು ಕೈ. ಕೈ ಕೈ ಸೇರಿದರೆ ನೀರು.’ ಆಮೇಲೆ ಜ್ಯೋತಿ. ‘ನಂಗೆ ಇರೋದು ಒಂದೇ ಕೈ...’ ಇನ್ನೊಬ್ಬಳು ಹುಡುಗಿ, ಅವಳೂ ಹೈಡ್ರೋಜನ್, ತನಗೂ ಒಂದೇ ಕೈ ಎಂದು ಅತ್ತಳು. ಸ್ವಲ್ಪ ಹೊತ್ತು ಬರೀ ಗರಗರ ಸದ್ದು. ಮುಂದಿನ ಮಾತು ಬೇರೆ ಜಾಗದಲ್ಲಿ ರೆಕಾರ್ಡ್ ಆದದ್ದು. ದನಿ ಸಣ್ಣದು, ಮಲಗಿ ಮಾತಾಡುವವರ ಉಸಿರು.

‘ನಾನು ಆಕ್ಸಿಜನ್. ನಂಗೆ ಎರಡು ಕೈ ಅವೆ. ಮಲಗೇ ಇದ್ರೂ ಕೈ ಎರಡೂ ಚೆನ್ನಾಗವೆ. ಇಬ್ಬರೂ ಬನ್ನಿ, ಇಡ್ಕಳ್ಳಿ.’

ಫೋನು ನಿಂತಿತು. ನಂಜಪ್ಪ ಕೇಳಿದ: ‘ಇದ್ಯಾರ ಮಗ?’

‘ನಿಮ್ಮ ಬೀದಿಯ ಮಾದೇವನ ಮಗಳು,’ ಎಂದೆ. ‘ಅವಳು ತರಗತಿಗೆ ಬರೋಕಾಗಲ್ಲ. ಅದಕ್ಕೆ ತರಗತಿಯೇ ಹೀಗೆ ಅವಳ ಹತ್ತಿರ ಹೋಗುತ್ತೆ. ಜ್ಯೋತಿ ಒಳಗೆ ಹೋಗಿಲ್ಲ ನಂಜಪ್ಪ. ಬೀದಿಯಲ್ಲಿ ನಿಂತೇ ಕೊಟ್ಟು ಬರ್ತಾಳೆ.’

ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ‘ಬಿಸಿಲಲ್ಲಿ ನಿಂತ್ಕಂಡಾ?’ ಎಂದ. ಎದ್ದು ಬಾಗಿಲ ತನಕ ಹೋಗಿ ತಿರುಗಿ, ‘ಅಂಗಡಿಯೋರ ಕೈಗೆ ಮಾತ್ರ ಕಾರ್ಡ ಕೊಡ್ಬೇಡಿ ಅಂತ ಮಾದೇವನಿಗೆ ಏಳಿ ಸಾ. ನಾಳೆ ಮಗ ಬತ್ತದೆ,’ ಎಂದ.

ಅವನು ಗೇಟು ದಾಟಿದ ಮೇಲೆ ಗುರುಮಲ್ಲಪ್ಪನವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ‘ಮೇಡಂ, ಒಂದು ಲೋಟ ನೀರು ತರಿಸಿ,’ ಎಂದರು. ಆಮೇಲೆ ತಾವೇ, ‘ಎರಡು ಹೈಡ್ರೋಜನ್, ಒಂದು ಆಕ್ಸಿಜನ್,’ ಎಂದು ಸಣ್ಣಗೆ ನಕ್ಕರು. ಆ ನಗು ಕೇಳಿ ನನಗೆ ಅಳು ಬಂತು. ಎರಡು ದಿನದ ಮೇಲೆ ಅವತ್ತು ಮಧ್ಯಾಹ್ನ ಮಕ್ಕಳ ಜೊತೆ ಕೂತು ಬಿಸಿಯೂಟವನ್ನೇ ಹೊಟ್ಟೆ ತುಂಬ ಉಂಡೆ. ಜ್ಯೋತಿ ಮರುದಿನ ಬಂದಳು. ಅದರ ಮರುದಿನದಿಂದ ಅವಳು ಕಿಟಕಿಯ ಹತ್ತಿರ ನಿಲ್ಲಲಿಲ್ಲ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೇ ಹೋಗುತ್ತಿದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹೋದರು.

ಸಂಕ್ರಾಂತಿ ಕಳೆದು ಶಾಲೆಗೆ ಬಂದ ದಿನ ಜ್ಯೋತಿ ಖಾಲಿ ಕೈಯಲ್ಲಿ ಬಂದಳು. ‘ಮನೆಗೆ ಬೀಗ ಆಕವ್ರೆ ಮಿಸ್. ಸವಿತನ ಕಾಲು ಜೋಮು ಇಡ್ದು ಸ್ವಾಧೀನ ತಪ್ಪೋಯ್ತಂತೆ. ಬೆಳಗಿನ ಜಾವ ನಮ್ಮಪ್ಪನ ಆಟೋದಲ್ಲೇ ಮೈಸೂರಿಗೆ ಕರ್ಕಂಡೋದ್ರು,’ ಎಂದಳು.

ಆ ವಾರ ನಾನು ಪಾಠ ಮಾಡಿದೆ, ಮಕ್ಕಳು ರೆಕಾರ್ಡ್ ಮಾಡಿದರು. ಕಾರ್ಡು ತುಂಬುತ್ತಿತ್ತು, ಕೊಡಲು ಕಿಟಕಿ ಮುಚ್ಚಿತ್ತು. ನಾಟಕಗಳಲ್ಲಿ ನಗು ಇರಲಿಲ್ಲ. ಕುಮಾರ ಕೂಡ ಬರೀ ಓದುತ್ತಿದ್ದ. ಮಾದೇವನ ಫೋನು ಸ್ವಿಚ್ ಆಫ್. ನಂಜಪ್ಪ ಎರಡು ಸಲ ಮೈಸೂರಿಗೆ ಹೋಗಿ ಬಂದ. ಬೆನ್ನಿನಲ್ಲಿ ಕೀವು ಕಟ್ಟಿ ನರ ಒತ್ತುತ್ತಿದೆಯಂತೆ, ಆಪರೇಷನ್ ಮಾಡಿ ತೆಗೆಯುತ್ತಾರಂತೆ, ಕಾಲು ಬರುತ್ತದೋ ಇಲ್ಲವೋ ಗೊತ್ತಿಲ್ಲವಂತೆ ಎಂದು ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಒಂದು ಮಧ್ಯಾಹ್ನ ವಿದ್ಯುತ್ತಿನ ಪಾಠ ಮಾಡುತ್ತಿದ್ದೆ. ಗುರುಮಲ್ಲಪ್ಪನವರು ಏನೋ ಸುತ್ತೋಲೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಗೊತ್ತಿಲ್ಲದ ನಂಬರು. ತರಗತಿಯಲ್ಲಿ ಕರೆ ತೆಗೆದುಕೊಳ್ಳಬಾರದೆನ್ನುವುದು ಅವರದೇ ನಿಯಮ. ನಾನು ಅವರ ಮುಖ ನೋಡಿದೆ.

‘ತಗೊಳ್ಳಿ ಮೇಡಂ, ತಗೊಳ್ಳಿ,’ ಎಂದರು.

‘ಮಿಸ್...’ ಆ ಕಡೆಯಿಂದ ಬಂದ ದನಿ ಸೋತಿತ್ತು, ಆದರೆ ಅವಳದೇ. ನಾನು ಸ್ಪೀಕರ್ ಒತ್ತಿದೆ.

‘ಮಿಸ್, ಇದು ನರ್ಸಕ್ಕನ ಫೋನು. ಬೇಗ ಏಳ್ಬುಡ್ತೀನಿ. ಬಲಗಾಲು ಎಬ್ಬೆಟ್ಟು ಆಡುಸ್ದೆ ಮಿಸ್, ಈಗ. ಡಾಕ್ಟ್ರು ನೋಡುದ್ರು. ಎಡಗಾಲ್ದೂ ಒಸಿ ಆಡ್ತದೆ.’

ಹುಡುಗರು ಬೆಂಚು ಹತ್ತಿದರು. ಜ್ಯೋತಿ ಡೆಸ್ಕಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಕುಮಾರ ಬಸ್ಸಿನ ಹಾರನ್ನು ಹೊಡೆದ. ಗುರುಮಲ್ಲಪ್ಪನವರು ಕೈಯಲ್ಲಿದ್ದ ಸುತ್ತೋಲೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಅದು ಯಾವುದರ ಬಗ್ಗೆ ಎಂದು ಕೊನೆಗೂ ಹೇಳಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿ ನಿಂತೆ.

ಫೆಬ್ರವರಿಯ ಕೊನೆಗೆ ಅವಳು ಮನೆಗೆ ಬಂದಳು. ಬೆನ್ನಿಗೆ ಕುತ್ತಿಗೆಯ ತನಕ ಬೆಲ್ಟು. ದಿನಕ್ಕೆ ಸ್ವಲ್ಪ ಸ್ವಲ್ಪ ಕೂರಬಹುದು, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯಬಹುದು. ಕಾರ್ಡಿನಲ್ಲಿ ತುಂಬಿಟ್ಟಿದ್ದ ಪಾಠಗಳೆಲ್ಲ ಅವಳ ಕಿವಿಗೆ ಹೋದವು. ಗುರುಮಲ್ಲಪ್ಪನವರು ಸರ್ಟಿಫಿಕೇಟು ಹಿಡಿದು ತಾವೇ ಮೈಸೂರಿನ ಆಫೀಸಿಗೆ ಓಡಾಡಿ ಹಾಜರಾತಿ ಸರಿ ಮಾಡಿಸಿದರು. ಅವಳಿಗೆ ಎತ್ತರದ ಮೇಜು ಹಾಕಿಸಲು, ನಡುನಡುವೆ ಒರಗಿಕೊಳ್ಳಲು ಪರೀಕ್ಷಾ ಕೇಂದ್ರದಲ್ಲಿ ಒಪ್ಪಿಸಿದರು. ಪರೀಕ್ಷೆಯ ದಿನ ನಂಜಪ್ಪನ ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ, ಹಳ್ಳ ಬಂದಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ಕರೆತಂದರು. ಆಟೋದ ಹಿಂದೆ ಕೂತಿದ್ದ ಜ್ಯೋತಿ, ಕುಮಾರ ಪಾಠದ ಮಾತನ್ನೇ ಆಡುತ್ತಾ ಬಂದರಂತೆ. ‘ಬಲಗಡೆ ಕೋಣೆ, ಇಳೀರಿ ಇಳೀರಿ’ ಎಂದು ಕುಮಾರ ಶುರು ಮಾಡಿದಾಗ, ‘ನಗುಸ್ಬೇಡ ಕಣ್ಲಾ, ಬೆನ್ನಿನ ಒಲಿಗೆ ನೋಯ್ತದೆ,’ ಎಂದು ಸವಿತಾ ಬೈದಳಂತೆ.

ಮೇ ತಿಂಗಳಲ್ಲಿ ಶಾಲೆಗೆ ರಜೆ. ನಾನು ನಂಜನಗೂಡಿನ ಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದೆ. ಅವತ್ತು ರಿಸಲ್ಟ್ ಎಂದು ಗೊತ್ತಿತ್ತು. ಬೆಳಿಗ್ಗೆಯಿಂದ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಹನ್ನೊಂದರ ಹೊತ್ತಿಗೆ ಬಂತು.

‘ಮಿಸ್, ನಾನು ಸವಿತಾ. ನರಸೀಪುರದಿಂದ ಮಾತಾಡ್ತಾ ಇವ್ನಿ.’

‘ನರಸೀಪುರಕ್ಕಾ? ಯಾರು ಕರಕೊಂಡು ಬಂದರು? ಆಟೋದಲ್ಲಿ ಬಂದ್ಯಾ?’

‘ಇಲ್ಲ ಮಿಸ್. ಆಟೋ ಬಾಡಿಗೆಗೆ ಓಗ್ಬುಟ್ಟದೆ. ಬಸ್ಸಲ್ಲಿ ಬಂದೆ, ಜ್ಯೋತಿ ಜೊತೆ. ಸೀಟು ಸಿಕ್ಲಿಲ್ಲ. ನಿಂತ್ಕಂಡೇ ಬಂದೆ.’

ನನ್ನ ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ‘ಅಷ್ಟು ದೂರ? ನೋವಾಗಲಿಲ್ವೇನೇ?’

‘ಒಸಿ ಆಯ್ತು. ಕಂಬಿ ಇಡ್ಕಂಡಿದ್ದೆ. ಒಬ್ಬಮ್ಮ ಕೂತ್ಕೋ ಬಾ ಅಂದ್ರು, ನಾನೇ ಬ್ಯಾಡ ಅಂದೆ.’ ಆಮೇಲೆ, ‘ರಿಸಲ್ಟ್ ಕೇಳಕ್ಕಿಲ್ವಾ ಮಿಸ್?’ ಎಂದಳು.

ನಿಜವಾಗಿ ಮರೆತೇಹೋಗಿತ್ತು. ‘ಹೇಳು ಮಗಳೇ,’ ಎಂದೆ.

‘ಪಾಸು ಮಿಸ್. ಪಸ್ಟ್ ಕ್ಲಾಸು. ಜ್ಯೋತಿನೂ ಪಾಸು. ಕುಮಾರನೂವೆ, ಅವ್ನೇ ನಂಬ್ತಾ ಇಲ್ಲ. ಅಯ್ಯೋ ಮಿಸ್, ಬಸ್ಸು ಬಂದ್ಬುಡ್ತು, ಆಮೇಲೆ ಮಾಡ್ತೀನಿ...’

ಅವಸರದಲ್ಲಿ ಅವಳು ಕರೆ ನಿಲ್ಲಿಸಲಿಲ್ಲ. ಫೋನು ಕಿವಿಗೆ ಒತ್ತಿಕೊಂಡೇ ನಾನು ಕೇಳಿಸಿಕೊಂಡೆ. ಜನರ ಗದ್ದಲ, ಬಸ್ಸಿನ ಇಂಜಿನ್ನು, ಜ್ಯೋತಿಯ ನಗು. ಆಮೇಲೆ ಯಾರೋ ಕಂಡಕ್ಟರು, ಅವಳು ಯಾರೆಂದು ಏನೂ ಗೊತ್ತಿಲ್ಲದವನು, ರೇಗಿಕೊಂಡು ಕೂಗುವುದು ಕೇಳಿಸಿತು:

‘ಏ ಉಡುಗಿ, ಮೆಟ್ಟಿಲ ಮೇಲೆ ನಿಂತ್ಕಬೇಡ. ಒಳಿಕ್ಕೆ ನಡಿ, ನಡಿ, ಬಿರ್ರನೆ ನಡಿ.’